ಮರಳವಾಡಿಯ ದಾರಿಯಲ್ಲಿ ಒಂದು ಹಠಮಾರಿ ಬೇರಿಂಗ್

ಶುಕ್ರವಾರ ಬೆಳಿಗ್ಗೆ ಮಾಗಡಿಯಿಂದ ಹೊರಟಾಗ ಜೀಪು ಓಡಿಸುತ್ತಿದ್ದವಳು ನಮ್ಮಕ್ಕ ಜಯಮ್ಮ. ಪಕ್ಕದಲ್ಲಿ ನಾನು. ಹಿಂದೆ ಹಗ್ಗ, ಗುದ್ದಲಿ, ನೀರಿನ ಕ್ಯಾನು. ಹೋಗಬೇಕಾಗಿದ್ದದ್ದು ಮರಳವಾಡಿಗೆ. ಭಾನುವಾರ ಅಲ್ಲಿನ ಗುಡ್ಡದ ಬದಿಯಲ್ಲಿ, ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಗಾಡಿಗಳ ಸ್ಪರ್ಧೆಯಿತ್ತು. ಕೆಸರು, ಕಲ್ಲು, ಕೊನೆಗೊಂದು ನೆಟ್ಟನೆಯ ಏರು. ಅಕ್ಕ ಹತ್ತು ವರ್ಷದಿಂದ ಇದೇ ಜೀಪಿನಲ್ಲಿ ಸುತ್ತಲ ಹಳ್ಳಿಗಳ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುತ್ತಿದ್ದಾಳೆ. ಹೆಸರು ಕೊಡಲು ಫೋನು ಮಾಡಿದಾಗ ಅತ್ತಲಿಂದ, "ಡ್ರೈವರ್ ಯಾರು ಮೇಡಂ?" ಎಂದು ಕೇಳಿದರಂತೆ. "ಮಾತಾಡ್ತಿರೋಳೇ" ಎಂದಳಂತೆ. ಅಂದಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಆ ಹುರುಪು ನನಗೂ ಅಂಟಿ, ಹಾರೋಹಳ್ಳಿಯ ಕಾರ್ಖಾನೆಗೆ ರಜೆ ಹಾಕಿ ಬಂದಿದ್ದೆ.

ಎಡಕ್ಕೆ ಸಾವನದುರ್ಗ ಅರ್ಧ ಮಂಜಿನೊಳಗಿತ್ತು. ತಂಪು ಗಾಳಿ, ಖಾಲಿ ರಸ್ತೆ. ರಾಮನಗರ ಇನ್ನೇನು ಬಂತು ಎನ್ನುವಾಗ ಸಣ್ಣ ಏರಿನಲ್ಲಿ ಎಂಜಿನ್ನು ಒಂದೇ ಸಮನೆ ಅರಚಿತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅಕ್ಕ ಜೀಪನ್ನು ಹೇಗೋ ತೆವಳಿಸಿಕೊಂಡು ಪರಿಚಯದ ಮೆಕ್ಯಾನಿಕ್ ನಸೀರಣ್ಣನ ಶೆಡ್ಡಿಗೆ ತಂದಳು.

"ಕ್ಲಚ್ ಪ್ಲೇಟ್ ಸುಟ್ಟೋಗ್ಬುಟ್ಟೈತೆ ಜಯಕ್ಕ. ಗೇರ್ ಬಾಕ್ಸ್ ಇಳಿಸ್ಬೇಕು. ಫೋರ್ ವೀಲು ಅಲ್ವಾ, ಅದ್ರ ಬೆನ್ನಿಗೆ ಇನ್ನೊಂದು ಬಾಕ್ಸು ಬೇರೆ ನೇತಾಕೊಂಡೈತೆ."

"ನಾಳೆ ಸಂಜೆ ಐದರೊಳಗೆ ಮರಳವಾಡೀಲಿ ಗಾಡಿ ತಪಾಸಣೆಗೆ ನಿಲ್ಲುಸ್ಬೇಕು ನಸೀರಣ್ಣ. ತಪ್ಪಿದ್ರೆ ಹೆಸರು ಹೊಡ್ದಾಕ್ತಾರೆ."

"ನಿಲ್ಲುಸ್ತೀರ. ನೀವೂ ಕೈ ಹಾಕಿ."

ಮೂವರೂ ಸೇರಿ ಸಂಜೆಯ ಹೊತ್ತಿಗೆ ಗೇರ್ ಬಾಕ್ಸ್ ಇಳಿಸಿದೆವು. ರಾತ್ರಿ ಊರೊಳಗಿನ ಚಿಕ್ಕಮ್ಮನ ಮನೆಯಲ್ಲಿ ತಂಗಿದೆವು. ಮರುದಿನ ಅವರು ಬಿಸಿ ಮುದ್ದೆ, ಹುರುಳಿ ಸಾರಿನ ಬುತ್ತಿ ಕಟ್ಟಿ ಕಳಿಸಿದರು.

ಶನಿವಾರ ಹೊಸ ಪ್ಲೇಟು ಕೂರಿಸುವ ಮುನ್ನ ನಸೀರಣ್ಣ ಎಂಜಿನ್ನಿನ ತುದಿಯ ತೂತಿಗೆ ಬೆರಳಿಟ್ಟು ತಿರುಗಿಸಿ ಮುಖ ಸಿಂಡರಿಸಿದ. ಅಲ್ಲಿ ಒಂದು ಪುಟ್ಟ ಬೇರಿಂಗ್ ಇರುತ್ತದೆ. ಗೇರ್ ಬಾಕ್ಸಿನ ಶಾಫ್ಟಿನ ಮೂತಿ ಕೂರುವುದು ಅದರೊಳಗೇ. ಅದು ಕರಕರ ಎನ್ನುತ್ತಿತ್ತು. ಪುಲ್ಲರ್ ಹಾಕಿ ಎಳೆದ. ಕೊಕ್ಕೆ ಜಾರಿತು. ಇನ್ನೊಮ್ಮೆ ಎಳೆದ. ಮತ್ತೆ ಜಾರಿತು. ಹಿಂದಿನಿಂದ ಹೊಡೆದು ತೆಗೆಯೋಣವೆಂದರೆ ಆ ತೂತಿಗೆ ಹಿಂಬಾಗಿಲೇ ಇಲ್ಲ. ಆಮೇಲೆ ತೂತಿನ ತುಂಬ ಗ್ರೀಸು ತುಂಬಿ, ಕಬ್ಬಿಣದ ಸರಳಿಟ್ಟು ಬಡಿದ. ಗ್ರೀಸು ಒತ್ತಡಕ್ಕೆ ಬೇರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ನೂಕಬೇಕು, ಲೆಕ್ಕ ಅದು. ಸರಳು ತೂತಿಗಿಂತ ಒಂದು ಕೂದಲಷ್ಟು ಸಣ್ಣದಾಗಿತ್ತು. ಗ್ರೀಸೆಲ್ಲ ಸಂದಿಯಿಂದ ಚಿಮ್ಮಿ ನನ್ನ ಮುಖಕ್ಕೆ ಬಂತು.

"ಹಂಗೇ ಜೋಡಿಸ್ಬುಡಣ ಅಕ್ಕ, ಒಂದು ದಿನ ತಡೀತದೆ" ಎಂದೆ, ಕಣ್ಣು ಒರೆಸಿಕೊಳ್ಳುತ್ತಾ.

"ಏರಿನ ಮಧ್ಯ ಅದು ಕಚ್ಕೊಂಡ್ರೆ ನೀನು ಇಳಿದು ತಳ್ತೀಯೇನ್ಲಾ?" ಎಂದಳು ಅಕ್ಕ. "ಸರೀ ಅಳತೆ ಸರಳು ಎಲ್ಲಿ ಸಿಕ್ತದೆ ನಸೀರಣ್ಣ?"

ಪಕ್ಕದ ಲೇತ್ ಅಂಗಡಿಯಲ್ಲಿ ಕರೆಂಟಿರಲಿಲ್ಲ. ನಸೀರಣ್ಣ ತಲೆ ಕೆರೆದುಕೊಂಡು, "ನಮ್ಮ ಭಾವ ರಿಯಾಜ್ ಚನ್ನಪಟ್ಟಣದಲ್ಲಿ ಬೊಂಬೆ ಕಡೀತಾರೆ. ಮರದ್ದಾದ್ರೂ ನಡೀತದೆ" ಎಂದ. ಶಾಫ್ಟಿನ ಮೂತಿಯ ಅಳತೆ ತೆಗೆದುಕೊಂಡು ನಾವಿಬ್ಬರೂ ಬಸ್ಸು ಹತ್ತಿದೆವು. ಅಕ್ಕನಿಗೆ ಬಿಟ್ಟಿ ಟಿಕೆಟ್ಟು, ನನಗೆ ಕಾಸಿನದು. ಹನ್ನೆರಡು ಕಿಲೋಮೀಟರ್ ದಾರಿ ಮುಗಿಯುವಷ್ಟರಲ್ಲಿ ಅವಳು ಸೀಟಿನ ತುದಿಗೆ ಬಂದು ಕೂತಿದ್ದಳು.

ರಿಯಾಜ್ ಅವರ ಮನೆಯ ಮುಂಗೋಣೆಯೇ ಕಾರ್ಖಾನೆ. ಅರಗಿನ ವಾಸನೆ, ಮೂಲೆಯಲ್ಲಿ ಕೆಂಪು, ಹಳದಿ ಗಿಲಕಿಗಳ ರಾಶಿ. ವಿಷಯ ಕೇಳಿ ಅವರು ಜೋರಾಗಿ ನಕ್ಕರು. "ಬೊಂಬೆ ಮಾಡೋ ಹಾಲೆ ಮರ ಮೆತ್ತಗೆ, ಏಟಿಗೆ ಸೀಳೋಯ್ತದೆ. ಬೀಟೆ ತುಂಡು ಹಾಕ್ತೀನಿ ಇರಿ ಅಕ್ಕ." ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿತು. ನಡುನಡುವೆ ನಿಲ್ಲಿಸಿ ಅಳೆದರು. ಕೊನೆಗೆ ಕೈಗಿಟ್ಟು, "ಗೆದ್ದು ಬನ್ನಿ, ನಿಮ್ಮ ಜೀಪಿನ್ ಬೊಂಬೆ ಮಾಡ್ಕೊಡ್ತೀನಿ" ಎಂದರು.

ಶೆಡ್ಡಿಗೆ ಮರಳಿದಾಗ ಸೂರ್ಯ ಇನ್ನೂ ನೆತ್ತಿಗೆ ಬಂದಿರಲಿಲ್ಲ. ಕೋಲು ಬೇರಿಂಗಿನೊಳಗೆ ಉಸಿರು ಬಿಗಿಹಿಡಿದಂತೆ ಕೂತಿತು. ನಸೀರಣ್ಣ ಮಾತ್ರ ಇನ್ನೂ ಅನುಮಾನದಲ್ಲಿದ್ದ. "ಗ್ರೀಸು ಇನ್ನೂ ಸೋರಬೋದು. ಕೆಲವ್ರು ಬ್ರೆಡ್ ನೆನೆಸಿ ತುರುಕ್ತಾರೆ."

"ಬ್ರೆಡ್ ಯಾಕೆ?" ಎಂದು ಅಕ್ಕ ಬುತ್ತಿ ಬಿಚ್ಚಿದಳು.

ಮುದ್ದೆಯನ್ನು ಚೂರು ಚೂರಾಗಿ ತೂತಿಗೆ ತುಂಬಿದೆವು. ಸುತ್ತಿಗೆ ಅಕ್ಕನೇ ತೆಗೆದುಕೊಂಡಳು. ಒಂದು ಏಟು, ಎರಡು, ಮತ್ತಷ್ಟು ಮುದ್ದೆ, ಮತ್ತೆ ಏಟು. ಸದ್ದು ಮೊದಲು ಮೆತ್ತಗಿತ್ತು. ಬರಬರುತ್ತ ಗಟ್ಟಿಯಾಯಿತು. ಕೋಲು ಇನ್ನು ಒಳಗೆ ಹೋಗಲೊಲ್ಲದು. ಅಕ್ಕ ಹಲ್ಲು ಕಚ್ಚಿ ಬೀಸಿದಳು. ನಾನು ಟಾರ್ಚು ಹಿಡಿದು ಬಗ್ಗಿದ್ದೆ. ಬೇರಿಂಗಿನ ಸುತ್ತ ಹೊಳೆಯುವ ಉಕ್ಕಿನ ಗೆರೆಯೊಂದು ಕಾಣಿಸಿತು!

"ಅಲ್ಲಾಡ್ತು! ಅಕ್ಕ, ಅಲ್ಲಾಡ್ತು!"

"ಹೊಡೀರಿ ಜಯಕ್ಕ, ನಿಲ್ಲಿಸ್ಬೇಡಿ!" ನಸೀರಣ್ಣ ಕೂಗಿದ.

ಇನ್ನು ಮೂರು ಏಟಿಗೆ ಬೇರಿಂಗ್ ಟಪ್ಪೆಂದು ನೆಲಕ್ಕೆ ಬಿತ್ತು. ನಾವು ಮೂವರೂ ಕಿರುಚಿದ ಸದ್ದಿಗೆ ಎದುರಿನ ಟೀ ಅಂಗಡಿಯವರು ಓಡಿ ಬಂದರು. ಯಾರಿಗೋ ಗಾಯವಾಯಿತೆಂದು ಹೆದರಿದ್ದರಂತೆ.

ತೂತನ್ನು ಚೊಕ್ಕ ಮಾಡಿ ಹೊಸ ಬೇರಿಂಗ್, ಹೊಸ ಪ್ಲೇಟು ಕೂರಿಸಿದೆವು. ಗೇರ್ ಬಾಕ್ಸ್ ಎತ್ತಲು ಟೀ ಅಂಗಡಿಯವರೂ ಕೈಜೋಡಿಸಿದರು. ಊಟ ಮಾಡಬೇಕೆಂದು ಯಾರಿಗೂ ನೆನಪಾಗಲಿಲ್ಲ. ಬಿಸಿಲು ಇಳಿಯತೊಡಗಿದಾಗ ಜೀಪು ರಸ್ತೆಗೆ ಬಂತು. ಕನಕಪುರದಲ್ಲಿ ನಿಲ್ಲದೆ ದಾಟಿದೆವು. ಮರಳವಾಡಿಯ ಬಯಲು ತಲುಪಿದಾಗ ತಪಾಸಣೆಯವರು ಮೇಜು ಮಡಚುತ್ತಿದ್ದರು. ಅಕ್ಕ ಇಳಿಯದೆಯೇ ಹಾರ್ನ್ ಒತ್ತಿದಳು. ಒಬ್ಬರು ಮತ್ತೆ ಮೇಜು ಬಿಚ್ಚಿದರು.

ಭಾನುವಾರ ಕೆಸರನ್ನು ಸಲೀಸಾಗಿ ದಾಟಿದಳು. ಕೊನೆಯ ಏರಿನಲ್ಲಿ ಮೊದಲ ಸಲ ಅರ್ಧಕ್ಕೇ ಚಕ್ರ ಜಾರಿ ಹಿಂದಕ್ಕೆ ಬಂದೆವು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿಯನ್ನು ಒಸಿ ಬಲಕ್ಕೆ ತಿರುಗಿಸಿಕೊಂಡು ಮತ್ತೆ ಹೊರಟಳು. ಮುಂಗಾಜಿನ ತುಂಬ ಬರೀ ಆಕಾಶ. ಆಮೇಲೆ ಮೂತಿ ತಗ್ಗಿತು, ಗುಡ್ಡದ ತಲೆಯ ಮೇಲಿದ್ದೆವು. ಕೆಳಗೆ ಜನ ಶಿಳ್ಳೆ ಹೊಡೆಯುತ್ತಿದ್ದರು.

ಬಹುಮಾನ ಬರಲಿಲ್ಲ. ಆರನೆಯವಳಾದಳು. ಅದು ತಿಳಿದದ್ದು ಆಮೇಲೆ. ಆಗ ಅವಳು ಎಂಜಿನ್ನು ಆಫ್ ಮಾಡದೆ, ನಾವು ಹತ್ತಿ ಬಂದ ಕೆಂಪು ಏರನ್ನು ಕತ್ತು ಹೊರಳಿಸಿ ನೋಡಿದಳು.

"ಲೋ," ಎಂದಳು, "ಕೇಳಿದ್ರೆ ಇನ್ನೊಂದ್ ಸಲ ಹತ್ತಕ್ಕೆ ಬುಡ್ತಾರೇನ್ಲಾ?"