ತುಟಿ ಮುಚ್ಚಿ ಆಡುವ ಆಟ

ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಅಪ್ಪ ಅಲ್ಲಿ ಜಾಬರ್. ಕೆಟ್ಟು ನಿಂತ ಮಗ್ಗವನ್ನು ರಿಪೇರಿ ಮಾಡಿ ಓಡಿಸುವುದು ಅವನ ಕೆಲಸ. ಅವ್ವ ಅದೇ ಶೆಡ್ಡಿನಲ್ಲಿ ಕಾಂಡಿಗಳಿಗೆ ನೂಲು ಸುತ್ತುತ್ತಾಳೆ. ಮಗ್ಗಗಳು ಓಡುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿ ಯಾರೂ ಕೂಗುವುದಿಲ್ಲ. ದನಿಯನ್ನೇ ಹೊರಡಿಸದೆ ತುಟಿಗಳನ್ನಷ್ಟೇ ಅಗಲವಾಗಿ ಆಡಿಸುತ್ತಾರೆ. ನೂಲು ಹರಿದದ್ದು, ಚಹಾ ಬಂದದ್ದು, ಮಾಲೀಕ ಒಳಗೆ ಕಾಲಿಟ್ಟದ್ದು, ಎಲ್ಲವೂ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೀಗೆಯೇ ದಾಟುತ್ತದೆ.

ಅಪ್ಪನ ಕಿವಿ ಈಗ ಬಹುಪಾಲು ಹೋಗಿದೆ. ಕಿವಿಗೆ ಹಾಕುವ ಮಷಿನ್ನು ಗುಂಯ್ ಅನ್ನುತ್ತದೆಂದು ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ತಿರುಗುತ್ತಾನೆ. ಅವನೊಡನೆ ಮಾತಾಡಬೇಕಾದರೆ ಎದುರಿಗೆ, ಬೆಳಕಿಗೆ ಮುಖ ಮಾಡಿ ನಿಲ್ಲಬೇಕು.

ನಾನು ಕೊಲ್ಹಾಪುರದಲ್ಲಿ ಸಂಖ್ಯಾಶಾಸ್ತ್ರ ಓದಿ ಗಡಹಿಂಗ್ಲಜದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ವಾರದ ಕೊನೆಗೆ ಮನೆಗೆ ಬರುತ್ತೇನೆ. ನನ್ನ ತಮ್ಮ ಬಿ.ಕಾಂ. ಮುಗಿಸಿ ನೂಲಿನ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುತ್ತಿದ್ದ. ಅದನ್ನು ಬಿಟ್ಟು ಫೋನಿನಲ್ಲಿ ಪೋಕರ್ ಆಡತೊಡಗಿದ. ಚೆನ್ನಾಗಿಯೇ ಆಡುತ್ತಿದ್ದ. ಆಮೇಲೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ಸರಕಾರ ನಿಲ್ಲಿಸಿತು. ಒಂದು ಮುಂಜಾನೆ ಅವನ ಆ್ಯಪ್ ತೆರೆದರೆ ಬರೀ ಒಂದು ಸೂಚನೆ ಬಂತು.

ಅವನಿಗೆ ಉಳಿದದ್ದು ಒಂದೇ ದಾರಿ. ಗೋವಾದ ಕ್ಯಾಸಿನೊ ಮೇಜುಗಳಲ್ಲಿ ಆಡಲು ಹುಡುಗರನ್ನು ಕಳಿಸುವವರು ಕೊಲ್ಹಾಪುರದಲ್ಲಿದ್ದರು. ಹಣ ಅವರದು, ಆಟ ಇವನದು, ಗೆದ್ದರೆ ಪಾಲು. ದೀಪಾವಳಿ ಮುಗಿದ ಮೇಲೆ ಬರೀ ಟೋಕನ್ ಇಟ್ಟು ಒಂದು ಪರೀಕ್ಷೆಯ ಆಟ ಇತ್ತು. ಅದರಲ್ಲಿ ಆರಿಸಿದರೆ ಗೋವಾ. ಇಲ್ಲದಿದ್ದರೆ ಮತ್ತೆ ನೂಲಿನ ಅಂಗಡಿ. ತಮ್ಮ ಇದನ್ನು ನನಗೊಬ್ಬಳಿಗೇ ಹೇಳಿದ್ದ, ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಗೆ ಗೊತ್ತಾಯಿತೆಂದು ಆಗ ನನಗೆ ಹೊಳೆಯಲಿಲ್ಲ.

ದೀಪಾವಳಿಗೆ ಮಗ್ಗಗಳಿಗೆ ಪೂಜೆ ಮಾಡಿ ನಿಲ್ಲಿಸುತ್ತಾರೆ. ಊರಿಗೆ ಊರೇ ಸದ್ದಿಲ್ಲದೆ ಮಲಗಿದಂತಿರುತ್ತದೆ. ಅಂಥ ಮಧ್ಯಾಹ್ನ ಕಾಕಾ ಬಂದರು. ಕಾಕಾ ಅಂದರೆ ಅಪ್ಪನ ತಮ್ಮ. ಕೈಯಲ್ಲಿ ಸದಾ ಶೇರು ಮಾರುಕಟ್ಟೆ ತೆರೆದಿಟ್ಟ ಫೋನು. ನಡುಮನೆಯಲ್ಲಿ ಚಾಪೆ ಹಾಸಿ, ಹುಣಸೆ ಬೀಜ ಹಂಚಿಕೊಂಡು ಎಲ್ಲರೂ ಇಸ್ಪೇಟಿಗೆ, ನಮ್ಮ ಕಡೆಯ ಮಾತಿನಲ್ಲಿ ಪತ್ತೆಗೆ, ಕುಳಿತೆವು. ತಮ್ಮ ಪೋಕರ್ ಕಲಿಸಿದ: ಎರಡು ಎಲೆ ಕೈಯಲ್ಲಿ ಮುಚ್ಚಿ, ಉಳಿದವು ನಡುವೆ ಎಲ್ಲರಿಗೂ ಕಾಣುವಂತೆ, ಎದುರಿನವರ ಕೈಯಲ್ಲಿ ಏನಿದೆ ಎಂದು ಊಹಿಸಿ ಬೀಜ ಹೂಡಬೇಕು.

"ಮನಿಯಾಗ ಕುಂತ ಪತ್ತೆ ಆಡಿದ್ರ ಜುಗಾರ," ಅಂದ ತಮ್ಮ, "ಮೊಬೈಲ್‌ನ್ಯಾಗ ಶೇರ್ ಆಡಿದ್ರ ಧಂದಾ. ಇದ್ಯಾವ ನ್ಯಾಯರೀ ಕಾಕಾ?"

"ಲೇ, ನಾ ಕಂಪನಿ ನೋಡಿ ತಗೋತೇನಿ."

"ಎಲ್ಲೀ ಕಂಪನಿರೀ? ನೀವು ಆಡೂದು ಆಪ್ಷನ್. ಮುಂಜಾನೆ ತಗೊಂಡಿದ್ದು ಮಧ್ಯಾಹ್ನ ಚಾ ಕುಡಿಯೂದ್ರಾಗ ಮಾರ್ತೀರಿ. ಆ ಕಂಪನಿ ಏನ್ ತಯಾರ ಮಾಡ್ತೈತಿ, ಒಂದರ ಹೇಳ್ರಿ."

"ಲಾಸ್ ತಯಾರ ಮಾಡ್ತೈತಿ ಬಿಡಪಾ," ಅಂದು ಕಾಕಾ ತಾವೇ ನಕ್ಕರು. "ಜುಗಾರ ಅಂದ್ರ ಓಟು. ಇವತ್ತ ಒಂದ ಪಾರ್ಟಿಗೆ ಹಾಕು, ಮರುದಿನ ಅದು ಯಾವ ಪಾರ್ಟಿ ಜೋಡಿ ಕುಂತಿರ್ತೈತಿ ಹೇಳ್ತಿಯೇನು? ಅದನ್ನ ಯಾರರ ಬಂದ್ ಮಾಡ್ಯಾರೇನು?"

"ಅದಕ್ಕs ಹೇಳೂದು. ಪೋಕರ್‌ಗೆ ಅಕ್ಕಲ್ ಬೇಕು."

"ಈಗ ಕಂಪ್ಯೂಟರ್ರs ಪತ್ತೆ ಆಡಾಕತ್ತಾವಂತ. ಎಐ ಮುಂದ ನಿನ್ ಅಕ್ಕಲ್ ಎಷ್ಟರದೋ?"

"ಗೋವಾದಾಗ ಎದುರಿಗೆ ಮನಷ್ಯಾ ಕುಂದರ್ತಾನ್ರಿ. ಅವನ ಮಾರಿ ಓದಬೇಕು. ಅದು ಕಂಪ್ಯೂಟರಿಗೆ ಬರಂಗಿಲ್ಲ."

ಕಾಕಾ ನನ್ನ ಕಡೆ ತಿರುಗಿದರು. "ನೀ ಹೇಳವಾ, ಲೆಕ್ಕಾ ಕಲ್ತಾಕಿ. ಇದು ಅಕ್ಕಲೋ, ನಶೀಬೋ?"

ಒಂದು ಆಟದಲ್ಲಿ ನಶೀಬ. ವರ್ಷಗಟ್ಟಲೆ ಆಡಿದರೆ ಅಕ್ಕಲು ಕಾಣತೊಡಗುತ್ತದೆ. ಅಲ್ಲಿಯ ತನಕ ಆಡುವವನು ಉಳಿಯಬೇಕಷ್ಟೇ ಎಂದೆ.

"ಎಲ್ಡೂ ಕಡೆ ಹೇಳಿದ್ಲು ನೋಡ್ರಿ. ಇಕೀನ ಎಲೆಕ್ಷನ್‌ಗೆ ನಿಂದ್ರಸಬೇಕು," ಅಂದರು ಕಾಕಾ.

ಇಷ್ಟರಲ್ಲಿ ಹುಣಸೆ ಬೀಜಗಳೆಲ್ಲ ಒಂದೊಂದಾಗಿ ಅವ್ವನ ಸೆರಗಿಗೆ ಸೇರುತ್ತಿದ್ದವು. ತಮ್ಮನಿಗೆ ಒಳ್ಳೆಯ ಎಲೆ ಬಂದಾಗಲೆಲ್ಲ ಅವಳು ತನ್ನ ಎಲೆ ಕೆಳಗಿಟ್ಟು ಆಟ ಬಿಡುತ್ತಿದ್ದಳು. ಅವನು ಕೆಟ್ಟ ಎಲೆ ಹಿಡಿದು ಸುಳ್ಳೇ ಜೋರು ಮಾಡಿದಾಗ ಬಿಡುತ್ತಿರಲಿಲ್ಲ.

"ಏನವ್ವಾ, ನನ್ ಪತ್ತೆ ಕಾಣಾಕತ್ತಾವೇನು ನಿನಗ?"

"ಪತ್ತೆ ಯಾಕ ನೋಡ್ಲಿ? ನೀನs ಹೇಳಾಕತ್ತೀಯಲ್ಲ. ಎಲ್ಡ ರಾಣಿ ಅದಾವ, ಇನ್ನೊಂದ ಬರ್ಲಿ ಅಂದಿ."

"ನಾ ಯಾವಾಗ ಅಂದೆ?"

ಅವ್ವ ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ನಗುವಿಗೆ ಅಪ್ಪನ ಹೊಟ್ಟೆ ಅಲುಗಾಡುತ್ತಿತ್ತು. "ಮದಲನೇ ಆಟದಿಂದನೂ ಹೇಳಾಕತ್ತಾನ," ಅಂದ ತನ್ನ ದೊಡ್ಡ ದನಿಯಲ್ಲಿ. "ಭಾಳ ಪ್ರಾಮಾಣಿಕ ಹುಡುಗ. ಹೇಳೇ ಆಡ್ತಾನ."

ಎಲ್ಲರೂ ನಕ್ಕರು, ತಮ್ಮನೂ ನಕ್ಕ. ಆಮೇಲೆ ಅವನ ನಗು ನಿಂತುಹೋಯಿತು. ಫೋನಿನ ಆಟದಲ್ಲಿ ಅವನ ಮುಖ ಯಾರಿಗೂ ಕಾಣುತ್ತಿರಲಿಲ್ಲ. ತಾನು ಯೋಚಿಸುವಾಗ ತುಟಿ ಆಡುತ್ತದೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಶೆಡ್ಡಿನ ಪಕ್ಕ ಬೆಳೆದ ನಮಗ್ಯಾರಿಗೂ ಅದು ಹೇಳಬೇಕಾದ ಸಂಗತಿ ಅನ್ನಿಸಿರಲಿಲ್ಲ. ಗೋವಾದಲ್ಲಿ ಕೂರುವವರಿಗೆ ಕನ್ನಡ ಬರಬೇಕೆಂದೇನೂ ಇಲ್ಲ. ತುಟಿ ಯಾವಾಗ ಅಲುಗುತ್ತದೆ, ಯಾವಾಗ ಇಲ್ಲ ಎಂಬುದಷ್ಟು ಗೊತ್ತಾದರೆ ಸಾಕು.

ಮರುದಿನದಿಂದ ಅವನು ಅಭ್ಯಾಸ ಶುರುಮಾಡಿದ. ತುಟಿ ಅಲುಗದಂತೆ ಬಾಯಲ್ಲಿ ಲವಂಗ ಇಟ್ಟುಕೊಂಡು ಕನ್ನಡಿಯ ಮುಂದೆ ಕೂರುತ್ತಿದ್ದ. ಮನೆಯಲ್ಲಿ ಮಾತು ಕಡಿಮೆ ಮಾಡಿದ. ಆಡಿದರೂ ಹಲ್ಲು ಬಿಡದೆ, ಗಂಟಲಿನಿಂದ. ನಾನು ಮುಂದಿನ ವಾರ ಬಂದಾಗ ಅವನ ಮುಖ ಹೊಸದಾಗಿ ಸುಣ್ಣ ಬಳಿದ ಗೋಡೆಯಂತಿತ್ತು. ಊಟಕ್ಕೆ ಕುಳಿತಾಗ ಅಪ್ಪ ತುತ್ತು ಕೈಯಲ್ಲೇ ಹಿಡಿದು ಆ ಮುಖವನ್ನು ನೋಡುತ್ತಿದ್ದ. ನೋಡಿ, ಕಣ್ಣು ತಟ್ಟೆಗೆ ಇಳಿಸುತ್ತಿದ್ದ.

ಕೈ ತೊಳೆಯುವಾಗ ಅಪ್ಪ ನನ್ನನ್ನು ಕೇಳಿದ: "ಅಂವ ನನ್ ಮ್ಯಾಲೆ ಸಿಟ್ಟಾಗ್ಯಾನೇನು?"

"ಇಲ್ಲಪ್ಪಾ. ಆಟದ ಸಲುವಾಗಿ. ಬಾಯಿ ಮುಚ್ಚೂದ ಕಲ್ಯಾಕತ್ತಾನ."

"ಹಂಗೇನು," ಅಂದ. ಕೈ ಒರೆಸಿಕೊಳ್ಳುತ್ತ, "ಮನಿ ಭಾಳ ಸುಮ್ನ ಆಗೇತಿ," ಅಂದ.

ಆಗ ನನಗೆ ತಿಳಿಯಿತು. ಎದುರು ನಿಂತು ತಮ್ಮ ಹೇಳಿದ್ದನ್ನಷ್ಟೇ ಅಲ್ಲ, ಅವನು ತನ್ನಷ್ಟಕ್ಕೆ ಗೊಣಗಿಕೊಂಡದ್ದನ್ನೂ ಅಪ್ಪ ಇಷ್ಟು ವರ್ಷ ಓದುತ್ತ ಬಂದಿದ್ದ. ಗಾಡಿ ಪಂಕ್ಚರಾದದ್ದು, ಸಾರಿಗೆ ಉಪ್ಪು ಹೆಚ್ಚಾದದ್ದು, ಗೋವಾ. ಕಿವಿ ಹೋದ ಮನುಷ್ಯನಿಗೆ ಮನೆಯ ಸದ್ದು ಅಂತ ಇದ್ದದ್ದು ಆ ಎರಡು ತುಟಿಗಳು. ನಾನು ಒಬ್ಬಳೇ ಇದ್ದಾಗಲೂ ಗೊಣಗುವವಳಲ್ಲ. ನನ್ನಿಂದ ಅಪ್ಪನಿಗೆ ಅಂಥದ್ದೇನೂ ಸಿಕ್ಕುವುದಿಲ್ಲ.

ಅಪ್ಪ ಕೇಳಿದ್ದನ್ನು ತಮ್ಮನಿಗೆ ಹೇಳಿದೆ. ಅವನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಇದೊಂದ ಆಟ ಮುಗೀಲಿ ಅಕ್ಕಾ," ಅಂದ. ತುಟಿ ಅಲುಗಲಿಲ್ಲ.

ಪರೀಕ್ಷೆಯ ದಿನ ಅವನ ಜೊತೆ ನಾನೂ ಕೊಲ್ಹಾಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿನ ಮೇಲಿನ ಕೋಣೆ. ನಾನು ಹೊರಗಿನ ವರಾಂಡದಲ್ಲಿ ಕುಳಿತೆ. ಮಧ್ಯಾಹ್ನ ಚಹಾಕ್ಕೆ ಬಿಟ್ಟಾಗ ತಮ್ಮ ಹೊರಗೆ ಬಂದ; ಅರ್ಧದಷ್ಟು ಜನ ಸೋತು ಹೋಗಿದ್ದರು, ಅವನು ಇನ್ನೂ ಇದ್ದ. ಮುಖ ಅದೇ ಗೋಡೆ. ಆಗ ನನ್ನ ಫೋನಿಗೆ ಅಪ್ಪನ ವೀಡಿಯೊ ಕಾಲ್ ಬಂತು.

"ನಾ ಮಾತಾಡ್ತೇನಿ, ನೀ ಹೋಗು," ಅಂದೆ.

ಪರದೆಯಲ್ಲಿ ಅಪ್ಪ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ. ತಮ್ಮ ನೋಡಿದ. ಬಾಯಲ್ಲಿದ್ದ ಲವಂಗವನ್ನು ಅಂಗೈಗೆ ಉಗುಳಿಕೊಂಡು ಫೋನು ಇಸಿದುಕೊಂಡ.

"ಉಂಡ್ಯೋ ಇಲ್ಲೊ?" ಅಪ್ಪನ ದನಿಗೆ ವರಾಂಡದವರೆಲ್ಲ ತಿರುಗಿದರು.

ತಮ್ಮ ದನಿಯಿಲ್ಲದೆ, ಬಾಯಿ ತುಂಬ ಮಾತಾಡಿದ. ವಡಾಪಾವ್ ತಿಂದದ್ದು, ಎಸಿ ಗಾಳಿಗೆ ಕಾಲು ತಣ್ಣಗಾದದ್ದು, ಎದುರು ಕುಳಿತವನ ಬೆರಳಿಗೆ ನಿಂಬೆಹಣ್ಣಿನಷ್ಟು ದೊಡ್ಡ ಉಂಗುರ ಇದ್ದದ್ದು, ಕೆಟ್ಟ ಎಲೆ ಬಂದರೆ ಅವನು ಆ ಉಂಗುರ ತಿರುವುತ್ತಿದ್ದದ್ದು. ಆ ಉಂಗುರದವನು ಚಹಾದ ಕಪ್ಪು ಹಿಡಿದು ಅಲ್ಲೇ ನಿಂತು ನೋಡುತ್ತಿದ್ದ. ನಾನು ಕಣ್ಣಲ್ಲೇ ತಮ್ಮನಿಗೆ ಸೂಚಿಸಿದೆ. ಅವನು ನೋಡಿದ, ನಿಲ್ಲಿಸಲಿಲ್ಲ.

ಒಳಗೆ ಹೋದವನು ಬಹಳ ಹೊತ್ತು ಉಳಿಯಲಿಲ್ಲ. ಆರಿಸುವವರು ಬಾಗಿಲ ತನಕ ಬಂದು, ಬೆನ್ನು ತಟ್ಟಿ, ಚೆನ್ನಾಗಿ ಆಡುತ್ತೀಯ, ಆದರೆ ಚಹಾದ ನಂತರ ನಿನ್ನ ಬಾಯಿ ಸುಮ್ಮನೆ ಕೂರಲಿಲ್ಲ ಎಂದು ಮರಾಠಿಯಲ್ಲಿ ಹೇಳಿದರು.

ಬಸ್ಸಿನಲ್ಲಿ ತಮ್ಮ ಕಿಟಕಿಯ ಪಕ್ಕ ಕುಳಿತ. ದಾರಿಯುದ್ದಕ್ಕೂ ಅವನ ತುಟಿ ಆಡುತ್ತಲೇ ಇತ್ತು. ಅದನ್ನು ಓದುವುದು ನನಗೆ ಸರಿಯೆನಿಸಲಿಲ್ಲ. ಆ ಕಡೆಯ ಕಬ್ಬಿನ ಗದ್ದೆಗಳನ್ನು ನೋಡುತ್ತ ಕುಳಿತೆ.

ನಮ್ಮ ಓಣಿ ಮುಟ್ಟಿದಾಗ ಸಂಜೆ. ಮಗ್ಗಗಳು ಓಡುತ್ತಿದ್ದವು. ಅಪ್ಪ ಬಾಗಿಲಲ್ಲೇ ನಿಂತಿದ್ದ. ತಮ್ಮ ಓಣಿಯ ತುದಿಯಿಂದಲೇ ಅಗಲವಾಗಿ ತುಟಿ ಆಡಿಸಿದ: ಸೋತೆ. ನಾಳೆ ನೂಲಿನ ಅಂಗಡಿಗೆ ಹೋಗಿ ಕೇಳ್ತೇನಿ.

ಅಪ್ಪ ತಲೆಯಾಡಿಸಿದ. ಆಮೇಲೆ ಅವನೂ ದನಿಯಿಲ್ಲದೆ ಕೇಳಿದ: ಆ ಉಂಗುರದಂವ ಏನಾದ?

ಅದನ್ನು ಹೇಳುತ್ತ ಹೇಳುತ್ತ ತಮ್ಮ ಮನೆಯ ಕಡೆ ನಡೆದ.