ಭಾಗಿಗೆ ಓದು ಬಂದ ವರ್ಷ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸೇಡಂನ ಆ ಮನೆಯಲ್ಲಿ ಎಲ್ಲರೂ ಅಡ್ಡಾಗುತ್ತಾರೆ. ಉಮಾದೇವಿಗೆ ಮಾತ್ರ ಆ ಭಾಗ್ಯ ಇಲ್ಲ. ನಡುಮನೆಯ ತಣ್ಣನೆಯ ಪರಸಿ ಕಲ್ಲಿನ ಮೇಲೆ ಚಾಪೆ ಹಾಸಿ, ವಾರದ ಪಾಠ ಯೋಜನೆ ಬರೆಯಲು ಕೂಡುತ್ತಾಳೆ. ಸುಮ್ಮನೆ ಬರೆಯುವುದಿಲ್ಲ, ಬರೆಯುತ್ತಾ ಪಾಠಪುಸ್ತಕ ಮಾಡಿದವರನ್ನು ಒಂದೊಂದು ಪುಟಕ್ಕೂ ಬೈಯುತ್ತಾಳೆ. ಒಳಗಿನಿಂದ ಅತ್ತೆಯ ದನಿ ಬರುತ್ತದೆ.

"ಸಣ್ಣ ಪೋರಗೋಳಿಗಿ ಅ ಆ ಇ ಈ ಹೇಳ್ಲಿಕ್ಕ ಇಷ್ಟ್ಯಾಕ ಬರೀಬೇಕವಾ? ಮದಿವಿ ಯಾದಿ ಬರದಂಗ ಬರೀಲಿಕತ್ತಿ!"

ಅತ್ತೆಗೆ ಹೇಗೆ ಹೇಳುವುದು? ಮದುವೆಯ ಯಾದಿ ತಪ್ಪಿದರೆ ಒಂದು ದಿನದ ಊಟ ಕೆಡುತ್ತದೆ, ಇದು ತಪ್ಪಿದರೆ ಒಂದು ಮಗುವಿನ ವರ್ಷವೇ ಕೆಡುತ್ತದೆ. ಹಾಗಂತ ಉಮಾದೇವಿಯ ನಂಬಿಕೆ. ಚಿತ್ತಾಪುರದ ಬಟ್ಟೆ ಅಂಗಡಿಯ ದೇವಿಂದ್ರಪ್ಪನವರ ಮಗಳು ಅವಳು. ಗಿರಾಕಿಯ ಮೈ ನೋಡದೆ ಬಟ್ಟೆ ಹರಿಯಬಾರದು ಎಂದು ಅಪ್ಪ ಹೇಳುತ್ತಿದ್ದುದನ್ನು ಕೇಳಿ ಬೆಳೆದವಳು. ಟೀಚರಾಗಿ ಮೊದಲ ನೌಕರಿ ಕುಂಚಾವರಂ ಕಾಡಿನ ಅಂಚಿನ ಒಂದು ಸಾಲಿಯಲ್ಲಿ. ಅಲ್ಲಿಯ ಮಕ್ಕಳ ಬಾಯಲ್ಲಿ ತೆಲುಗು, ಇವಳ ಕೈಯಲ್ಲಿ ಕನ್ನಡ ಪುಸ್ತಕ. ಪುಸ್ತಕ ಹೇಳಿದಂತೆಯೇ ಕಲಿಸಿದಳು. ಮಕ್ಕಳು ಪಾಪ, ಇವಳು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಬಾಯಿಪಾಠ ಒಪ್ಪಿಸಿದರು, ಒಂದಕ್ಷರ ಓದಲಿಲ್ಲ. ಅಲ್ಲಿಂದ ವರ್ಗವಾಗಿ ಬರುವಾಗ ಅವಳಿಗೆ ಅಳು ಬಂದಿತ್ತು. ಬೀಳ್ಕೊಡುಗೆಯ ಅಳು ಎಂದು ಊರವರು ತಿಳಿದರು. ಅದು ನಾಚಿಕೆಯ ಅಳು.

ಹೊಸ ಸಾಲಿ ಕಾಗಿಣಾ ಹೊಳೆಯ ದಂಡೆಯ ಊರಿನದು. ಅಂಗಳದಲ್ಲಿ ನಿಂತರೆ ದೂರದಲ್ಲಿ ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಕಾಣುತ್ತದೆ. ಇಲ್ಲಿ ಬಂದ ಮೇಲೆ ಉಮಾದೇವಿ ಪುಸ್ತಕವನ್ನು ಕಪಾಟಿನಲ್ಲಿ ಮಲಗಿಸಿ, ತನ್ನದೇ ಒಂದು ಯೋಜನೆ ಮಾಡಿದಳು. ಊರಿನಲ್ಲಿ ಎಲ್ಲೆಲ್ಲಿ ಏನೇನು ಬರೆದಿದೆಯೋ ಅದೆಲ್ಲವೂ ಪಾಠ. ಸೊಸೈಟಿಯ ಬಾಗಿಲು, ಪಂಚಾಯ್ತಿ ಗೋಡೆ, ಸಿಮೆಂಟ್ ಚೀಲ, ಗುಳಿಗೆಯ ಪಾಕೀಟು, ಬಸ್ಸಿನ ಬೋರ್ಡು. ಪ್ರತಿ ಶನಿವಾರ ಮಕ್ಕಳನ್ನು ಸಾಲಾಗಿ ಹೊರಡಿಸಿ ಓಣಿ ಓಣಿ ಸುತ್ತುತ್ತಿದ್ದಳು. ಶಿಕ್ಷಣ ಇಲಾಖೆಯಿಂದ ತಪಾಸಣೆಗೆ ಬಂದವರು ಯೋಜನೆಯ ವಹಿ ತಿರುವಿ, "ಇದರಿಂದ ಮಗು ಏನು ಕಲಿಯುತ್ತದೆ ಅಂತ ಬರೆದೇ ಇಲ್ಲವಲ್ಲ ಮೇಡಂ" ಎಂದರು. ಅವರ ಎದುರೇ ಪೆನ್ನು ತೆಗೆದು ಬರೆದಳು: ಕಲಿತ ಓದು ಮನೆಯವರ ಉಪಯೋಗಕ್ಕೆ ಬರುತ್ತದೆ.

ಮೂರನೆಯ ತರಗತಿಯಲ್ಲಿ ಭಾಗ್ಯವಂತಿ ಎಂಬ ಹುಡುಗಿ ಇದ್ದಳು. ಊರಿಗೆಲ್ಲ ಭಾಗಿ. ಅಪ್ಪ ಭೀಮಶಾ, ಅವ್ವ ಜಯಮಾಲಾ ಇಬ್ಬರೂ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ. ಮಳೆಗಾಲಕ್ಕೊಮ್ಮೆ, ಹಬ್ಬಕ್ಕೊಮ್ಮೆ ಬರುತ್ತಿದ್ದರು. ಎತ್ತಿಕೊಳ್ಳುವ ಕೂಸನ್ನು ಜೊತೆಗೆ ಒಯ್ದು, ಭಾಗಿಯನ್ನು ಅಜ್ಜಿ ಶಿವಕಾಂತಮ್ಮನ ಹತ್ತಿರ ಬಿಟ್ಟಿದ್ದರು. ಕೆಲಸ ಮಾಡುವಷ್ಟು ದೊಡ್ಡವಳಲ್ಲ, ಎತ್ತಿಕೊಳ್ಳುವಷ್ಟು ಸಣ್ಣವಳಲ್ಲ. ಅಲ್ಲಿ ಯಾವ ಉಪಯೋಗಕ್ಕೂ ಇಲ್ಲದ ವಯಸ್ಸು. ಸಾಲಿಯಲ್ಲಿಯೂ ಹಾಗೆಯೇ ಮೂಲೆ ಹಿಡಿದು ಕೂಡುತ್ತಿದ್ದಳು. ಕೇಳಿದರೆ ಉತ್ತರವಿಲ್ಲ, ಬೈದರೆ ಅಳುವುದೂ ಇಲ್ಲ. ಉಮಾದೇವಿ ಆ ವರ್ಷದ ಭಾನುವಾರಗಳನ್ನು ಹೆಚ್ಚುಕಡಿಮೆ ಈ ಒಂದು ಹುಡುಗಿಗಾಗಿಯೇ ಕಳೆದಳು. ಇವಳಿಗೆ ಓದು ಬಾರದಿದ್ದರೆ ಕುಂಚಾವರಂನ ನಾಚಿಕೆ ತನ್ನನ್ನು ಬಿಡುವುದಿಲ್ಲ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ಶ್ರಾವಣದ ಒಂದು ಶನಿವಾರ. ಮಕ್ಕಳೆಲ್ಲ ರಸ್ತೆಗೆ ಬಂದಿದ್ದರು. ಸೇಡಂ ಬಸ್ಸಿಗಾಗಿ ಕಾದಿದ್ದ ಮಂದಿ, ಬಂದ ಬಸ್ಸಿಗೆ ಮುಗಿಬಿದ್ದರು. ಮಕ್ಕಳ ಸಾಲಿನ ಕೊನೆಯಿಂದ ಒಂದು ದನಿ ಬಂತು.

"ಹತ್ತಬ್ಯಾಡ್ರಿ! ಅದು ಸೇಡಂದು ಅಲ್ಲ. ಶ-ಹಾ-ಬಾ-ದ!"

ಭಾಗಿ. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟಿದ್ದ ಮುದುಕನೊಬ್ಬ ಹಾಗೇ ಕೆಳಗಿಳಿದ. ಕಂಡಕ್ಟರ್ ನಕ್ಕು, "ಖರೆ ಅದರಿ, ಪೋರಿ ಸರಿ ಓದ್ಯಾಳ" ಎಂದ. ಉಮಾದೇವಿ ರಸ್ತೆಯಲ್ಲೇ ಅವಳನ್ನು ಬಾಚಿ ತಬ್ಬಿಕೊಂಡಳು. ಅಂಥ ಸಂತೋಷ ಅವಳಿಗೆ ಸ್ವಂತ ಮಕ್ಕಳು ನಡೆಯಲು ಕಲಿತಾಗಲೂ ಆಗಿರಲಿಲ್ಲ. ಇದನ್ನು ಅವಳು ಮನೆಯಲ್ಲಿ ಹೇಳಲಿಲ್ಲ, ಅಷ್ಟೇ.

ಮುಂದೆ ಭಾಗಿಯ ಬಾಯಿಗೆ ಬೀಗವೇ ಇಲ್ಲ. ಕಂಡದ್ದನ್ನೆಲ್ಲ ಓದಿದಳು. ಅಜ್ಜಿಯ ಗುಳಿಗೆ ಓದಿದಳು, ಓಣಿಯವರ ಮೊಬೈಲಿಗೆ ಬಂದ ಸಂದೇಶ ಓದಿದಳು, ಯಾರೂ ಕರೆಯದಿದ್ದರೂ ಹೋಗಿ ಮದುವೆಯ ಪತ್ರಿಕೆ ಓದಿ ಬಂದಳು. ದಸರೆಗೆ ಊರಿಗೆ ಬಂದ ಅಪ್ಪನೆದುರು ಪಂಚಾಯ್ತಿ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಒಪ್ಪಿಸಿದಳಂತೆ. ಭೀಮಶಾ ಮಾರನೆಯ ದಿನ ಸಾಲಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಟೀಚರಿಗೆ ಕೈ ಮುಗಿದು ಹೋದ. ಉಮಾದೇವಿ ಆ ವಾರವೆಲ್ಲ ನೆಲದ ಮೇಲೆ ಕಾಲೂರಲಿಲ್ಲ.

ದೀಪಾವಳಿಯ ರಜೆ ಮುಗಿದು ಸಾಲಿ ಶುರುವಾದ ದಿನ ಭಾಗಿ ಓಡುತ್ತಾ ಬಂದಳು. ಮೈಮೇಲೆ ಹೊಸ ಫ್ರಾಕು.

"ಟೀಚರ್ರೀ, ನಾ ನಾಳಿ ಬೆಂಗ್ಳೂರಿಗಿ ಹೊಂಟೀನ್ರಿ! ಅಪ್ಪ ಕರ್ಕೊಂಡು ಹೊಂಟಾನ. ನಂಗ ಓದ್ಲಿಕ್ಕ ಬರ್ತದಲ್ರಿ, ಅದಕ್ಕ!"

ಉಮಾದೇವಿ ತರಗತಿ ಬಿಟ್ಟು ಎದ್ದಳು. ಹೆಡ್ ಮಾಸ್ತರ ಗುಲಾಮ್ ರಸೂಲರ ಹತ್ತಿರ ಹೋಗಿ, ಏನಾದರೂ ಮಾಡಿ ಸರ್ ಎಂದು ಅಂಗಲಾಚಿದಳು. ಆ ಊರಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ ಅವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಏನಂತ ಮಾಡ್ಲಿ? ಅವ್ರು ಕರ್ಕೊಂಡು ಹೊಂಟಿದ್ದು ಅವ್ರ ಮಗಳಿಗಿ. ಹೋಗಿ ಹೇಳಿ ನೋಡ್ರಿ. ನಾ ಭಾಳ ಮಂದಿಗಿ ಹೇಳೀನಿ, ಯಾರೂ ನಿಂತಿಲ್ಲ."

ಸಾಲಿ ಬಿಟ್ಟ ಮೇಲೆ ಅವಳು ಭೀಮಶಾನ ಮನೆಗೆ ಹೋದಳು. ಚೀಲಗಳು ಆಗಲೇ ಕಟ್ಟಿ ಕುಳಿತಿದ್ದವು. ಶಿವಕಾಂತಮ್ಮ ರೊಟ್ಟಿ ಬಡಿಯುತ್ತಿದ್ದಳು. ದಾರಿಗೆಂದು ಒಣಗಿಸಿದ ಕಟಿ ರೊಟ್ಟಿಯ ರಾಶಿ. ಜಯಮಾಲಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಬರ್ರಿ ಟೀಚರ್, ಕುಂದ್ರಿ" ಎಂದು ಸರಿದು ಜಾಗ ಮಾಡಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಉಮಾದೇವಿ ಹೇಳಿದಳು. ಹುಡುಗಿ ಶಾಣ್ಯಾ ಇದ್ದಾಳೆ. ಈಗಷ್ಟೇ ದಾರಿ ಹಿಡಿದಿದ್ದಾಳೆ. ಈಗ ಸಾಲಿ ಬಿಡಿಸಿದರೆ ಎಲ್ಲ ನೀರುಪಾಲು.

"ಅಲ್ಲೇ ಯಾವದರ ಸಾಲಿಗಿ ಹಾಕ್ತೀವ್ರಿ" ಎಂದ ಭೀಮಶಾ. ಹೇಳುವಾಗ ಅವನು ನೆಲ ನೋಡುತ್ತಿದ್ದ. ಹಾಕುವುದಿಲ್ಲ ಎಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

"ಇಷ್ಟು ದಿನ ಇಲ್ಲೇ ಬಿಟ್ಟಿದ್ರಲ್ಲ. ಈಗ್ಯಾಕ?"

ಜಯಮಾಲಾ ಕೂಸಿನ ಎಡಗೈಯನ್ನು ಎತ್ತಿ ತೋರಿಸಿದಳು. ಮುಷ್ಟಿ ಕಟ್ಟಿಕೊಂಡೇ ಇದ್ದ ಕೈ. ಬಿಡಿಸಿದರೂ ಮತ್ತೆ ಮುಚ್ಚಿಕೊಂಡಿತು.

"ಹೋದ ವರ್ಷ ಇದಕ್ಕ ಭಾಳ ಜ್ವರ ಬಂದಿತ್ರಿ. ದೊಡ್ಡ ದವಾಖಾನಿಗಿ ಒಯ್ದೆ. ಇವ್ರು ಕೆಲಸದ ಮ್ಯಾಲ ಇದ್ರು, ನಾ ಒಬ್ಬಾಕೆ. ಕೇಳಿದ್ರ ಕೈ ಮಾಡಿ ತೋರಸ್ತಾರ, ಅವ್ರ ಮಾತು ನಂಗ ತಿಳಿವಲ್ದು, ನನ್ನ ಮಾತಿಗಿ ನಗ್ತಾರ. ಭಾಳ ಮಂದಿ ನಿಂತಿದ್ರು, ಅಲ್ಲೇ ಪಾಳಿ ಹಚ್ಚಿದೆ. ಮುಂಜಾನಿಂದ ನಿಂತ್ಕೊಂಡೆ. ನನ್ನ ಪಾಳಿ ಬಂದ ಮ್ಯಾಲ ಒಳಗಿನಾಕಿ ಅಂತಾಳ್ರಿ, ಇದು ಹಲ್ಲಿನ ದವಾಖಾನಿ ಅಂತ." ಜಯಮಾಲಾ ನಗಲು ಹೋದಳು, ಆಗಲಿಲ್ಲ. "ಹಲ್ಲೇ ಬಂದಿದ್ದಿಲ್ರಿ ಕೂಸಿಗಿ. ಮಕ್ಕಳ ಡಾಕ್ಟರ್ ಅಷ್ಟೊತ್ತಿಗಿ ಎದ್ದು ಹೋಗಿದ್ರು. ಸಂಜಿಗಿ ಫಿಟ್ಸ್ ಬಂತು. ಬಾಗಲದ ಮ್ಯಾಲ ಬರ್ದಿತ್ತಂತ್ರಿ. ದೊಡ್ಡದಾಗಿ, ಕನ್ನಡದಾಗೇ ಬರ್ದಿತ್ತಂತ."

ಉಮಾದೇವಿ ಕೂಸಿನ ಮುಷ್ಟಿ ಮುಟ್ಟಿ ನೋಡಿದಳು. ಏನು ಹೇಳುವುದು? ಇಲಾಖೆಯ ಕಾನೂನು ಹೇಳುವುದೆ? ಮಗುವಿನ ಭವಿಷ್ಯ ಎನ್ನುವುದೆ? ಈ ಕೂಸೂ ಮಗುವೇ. ತಾನು ಬರೆದುಕೊಟ್ಟಿದ್ದೂ ಅದನ್ನೇ ಅಲ್ಲವೆ, ಓದು ಮನೆಯವರ ಉಪಯೋಗಕ್ಕೆ ಬರುತ್ತದೆ ಎಂದು? ಬಂತು. ತಾನು ಓದು ಕಲಿಸದೆ ಬಿಟ್ಟಿದ್ದರೆ ಈ ಹುಡುಗಿ ಇಲ್ಲೇ, ಅಜ್ಜಿಯ ಹತ್ತಿರವೇ ಇರುತ್ತಿದ್ದಳು.

"ವಾರಕ್ಕೊಮ್ಮಿ ಫೋನ್ ಹಚ್ಚು" ಎಂದಳು ಕೊನೆಗೆ, ಭಾಗಿಯ ತಲೆ ಸವರಿ.

"ಹ್ಞೂಂರಿ ಟೀಚರ್" ಎಂದಳು ಭಾಗಿ. "ನಾ ಎಲ್ಲಾ ಬೋರ್ಡು ಓದ್ತೀನ್ರಿ."

ಮರುದಿನ ಅವರು ವಾಡಿಗೆ ಹೋಗಿ ರೈಲು ಹತ್ತಿದರು. ಉಮಾದೇವಿ ಹಾಜರಿ ಕರೆಯುವಾಗ ಆ ಹೆಸರು ಬಂದಾಗ ದನಿ ಸಣ್ಣದು ಮಾಡಿದಳು. ಫೋನು ಒಂದು ವಾರ ಬಂತು. ಆಮೇಲೆ ಆ ನಂಬರು ಹತ್ತಲಿಲ್ಲ.

ಭಾನುವಾರಗಳು ಈಗ ಬೇರೆಯಾಗಿದ್ದವು. ವಹಿ ತೆರೆದು ಕೂಡುತ್ತಾಳೆ, ಬರೆಯುತ್ತಾಳೆ, ಹೊಡೆದು ಹಾಕುತ್ತಾಳೆ. ಅತ್ತೆಯೇ ಒಂದು ದಿನ, "ಬ್ಯಾನಿ ಅದೇನವಾ?" ಎಂದು ಹಣೆ ಮುಟ್ಟಿ ನೋಡಿದರು.

ಹೀಗಿರುವಾಗ ಒಂದು ಬೆಳಿಗ್ಗೆ, ಪ್ರಾರ್ಥನೆ ಮುಗಿದ ಮೇಲೆ, ಎರಡನೆಯ ತರಗತಿಯ ಅಂಬಿಕಾಳನ್ನು ಕೈ ಹಿಡಿದುಕೊಂಡು ಅವಳ ತಾಯಿ ಬಾಗಿಲಲ್ಲಿ ನಿಂತಳು. ಅವರದೂ ಬೆಂಗಳೂರಿಗೆ ಹೋಗುವ ಮನೆಯೇ.

"ಟೀಚರ್, ಭಾಗಿಗಿ ಕಲಿಸಿದಂಗ ನಮ್ಮಾಕಿಗೂ ಕಲಸ್ರಿ. ಬರೋ ದೀಪಾವಳಿತನ ಓದ್ಲಿಕ್ಕ ಬಂದ್ರ ಸಾಕ್ರಿ, ನಾವೂ ಕರ್ಕೊಂಡು ಹೋಗ್ತೀವಿ. ಭಾಳ ಪುಣ್ಯಾ ಬರ್ತದ ನಿಮಗ."

ಅವಳು ಕೈ ಮುಗಿದು ಹೊರಟುಹೋದಳು. ಅಂಬಿಕಾ ಎಲ್ಲರಿಗಿಂತ ಮುಂದೆ ಬಂದು, ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಕುಳಿತಳು.

"ಟೀಚರ್ರೀ, ನಾ ಯಾವಾಗ ಓದ್ತೀನ್ರಿ?"

ಉಮಾದೇವಿಗೆ ಉತ್ತರ ಗೊತ್ತಿತ್ತು. ಈ ಹುಡುಗಿ ಭಾಗಿಗಿಂತ ಚುರುಕು. ಬೇಸಿಗೆ ರಜೆಗೆ ಮೊದಲೇ ಓದುತ್ತಾಳೆ.

"ಅವಸರ ಯಾಕವಾ?" ಎಂದಳು. "ಸಾವಕಾಶ ಕಲಿಯೋಣ. ಇನ್ನಾ ಭಾಳ ದಿನ ಅದ."

ಇಷ್ಟು ವರ್ಷಗಳ ನೌಕರಿಯಲ್ಲಿ ಒಂದು ಮಗುವಿಗೂ ಅವಳು ಹೇಳದಿದ್ದ ಮಾತು ಅದು. ಅಂಬಿಕಾಳ ಮುಖ ಬಾಡಿತು. ತನಗೇ ಏನೋ ಬರುವುದಿಲ್ಲ, ಅದಕ್ಕೇ ಟೀಚರ್ ಹೀಗೆ ಅಂದರು ಎಂದುಕೊಂಡಳೇನೋ. ಮೆಲ್ಲಗೆ ಎದ್ದು ಎಲ್ಲರ ಹಿಂದೆ ಹೋಗಿ, ಗೋಡೆಗೆ ಒರಗಿ ಕುಳಿತಳು.

ಉಮಾದೇವಿ ಅವಳನ್ನೇ ನೋಡುತ್ತಾ ನಿಂತಳು. ನೋಡಲಾಗಲಿಲ್ಲ. ಹೋಗಿ ಕೈ ಹಿಡಿದು ಎಬ್ಬಿಸಿ, ಬೋರ್ಡಿನ ಹತ್ತಿರ ಕರೆದುಕೊಂಡು ಬಂದು, ಸೀಮೆಸುಣ್ಣ ಅವಳ ಕೈಗೆ ಕೊಟ್ಟಳು.