ದೊಡ್ಡಮ್ಮನ ರಟ್ಟು

ನಾನು ಈ ಜನ್ಮದಲ್ಲಿ ಡಿಗ್ರಿ ಮುಗಿಸುವುದಿಲ್ಲ ಎಂದವಳು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಬೆನ್ನ ಹಿಂದೆ ಹೇಳಿದ್ದಲ್ಲ. ಎದುರಿಗೇ, ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದ್ದು.

"ನಮ್ಮ ವಂಶದಾಗೆ ಅತ್ತನೇ ಕ್ಲಾಸ್ ದಾಟ್ದೋರೇ ಇಲ್ಲ. ನೀನೇನು ಮೇಲಿಂದ ಉದುರಿದ್ಯಾ?"

ನಾಗಸಂದ್ರದಲ್ಲಿ ಅವಳ ಮನೆಯ ಮುಂದಿನ ಕೋಣೆಯೇ ನಮ್ಮ ಕೆಲಸದ ಜಾಗ. ಪೀಣ್ಯದ ಗಾರ್ಮೆಂಟ್ಸ್‌ಗಳಿಂದ ತುಂಡು ಬಟ್ಟೆ ಮೂಟೆಗಟ್ಟಲೆ ಬರುತ್ತಿತ್ತು. ಅದನ್ನು ಚೌಕ ಚೌಕವಾಗಿ ಕತ್ತರಿಸಿ, ಜೋಡಿಸಿ ಹೊಲಿದು, ವೈಟ್‌ಫೀಲ್ಡ್‌ನ ಒಂದು ಅಂಗಡಿಗೆ ಕೌದಿ ಮಾಡಿ ಕೊಡುತ್ತಿದ್ದೆವು. ಅಂಗಡಿಯವರು ಅದನ್ನು ಕ್ವಿಲ್ಟ್ ಅನ್ನುತ್ತಿದ್ದರು. ದೊಡ್ಡಮ್ಮನಿಗೆ ಓದಲು ಬಾರದು, ಟೇಪು ನೋಡಲೂ ಬಾರದು. ಅವಳ ಅಳತೆಯೆಲ್ಲ ಗೋಡೆಯ ಮೊಳೆಗೆ ನೇತು ಹಾಕಿದ್ದ ಒಂದು ಚೌಕ ರಟ್ಟಿನಲ್ಲಿತ್ತು. ಬಟ್ಟೆಯ ಮೇಲೆ ಅದನ್ನಿಟ್ಟು, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದೇ ಕತ್ತರಿಸಬೇಕು.

ನನ್ನದು ಮನೆಯಲ್ಲೇ ಓದಿಕೊಂಡು ಕಟ್ಟಿದ ಬಿ.ಎ. ಇಂಗ್ಲಿಷ್ ಒಂದು ಬಿಟ್ಟು ಎಲ್ಲ ಪೇಪರೂ ಆಗಿತ್ತು. ಇಂಗ್ಲಿಷ್‌ನಲ್ಲಿ ಎರಡು ಸಲ ಡುಮ್ಕಿ. ಮೂರನೆಯದೇ ಕೊನೆಯ ಅವಕಾಶ. ಅದೂ ಹೋದರೆ ಪಾಸಾದದ್ದೂ ಸೇರಿ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ದಿನವಿಡೀ ಬಗ್ಗಿ ಕತ್ತರಿಸಿ ಸೊಂಟ ಹಿಡಿದಿರುತ್ತಿತ್ತು. ನಮ್ಮ ಮನೆಯಲ್ಲಿ ಮೇಜಿಲ್ಲ. ತೊಡೆಯ ಮೇಲೆ ಹಾಳೆ ಇಟ್ಟು ಬರೆದರೆ ಪೆನ್ನು ತೂತು ಬೀಳಿಸುತ್ತಿತ್ತು. ಪರೀಕ್ಷೆಗೆ ಹತ್ತು ದಿನವಿರುವಾಗ ಒಂದು ಸಂಜೆ, ದೊಡ್ಡಮ್ಮನಿಗೆ ಹೇಳದೆ ಆ ರಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಹಾಳೆಯ ಕೆಳಗಿಟ್ಟು ಪ್ರಬಂಧ ಬರೆದೆ. ಬೆಳಿಗ್ಗೆ ಅದನ್ನು ಮನೆಯಲ್ಲೇ ಮರೆತು ಕೆಲಸಕ್ಕೆ ಬಂದೆ.

ದೊಡ್ಡಮ್ಮ ಬಟ್ಟೆ ತರಲು ಪೀಣ್ಯಕ್ಕೆ ಹೋಗಿದ್ದಳು. ನಾನು ವಾಪಸ್ ಹೋಗಿ ರಟ್ಟು ತರಬಹುದಿತ್ತು, ಕಾಲು ಏಳಲಿಲ್ಲ. ಹಿಂದಿನ ದಿನ ಕತ್ತರಿಸಿದ್ದ ಒಂದು ಚೌಕವನ್ನೇ ಅಳತೆಗೆ ಇಟ್ಟುಕೊಂಡೆ. ಅದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು. ಪ್ರತಿ ಸಲವೂ ಗೆರೆಯ ದಪ್ಪದಷ್ಟು ಬಟ್ಟೆ ಬೆಳೆಯುತ್ತಿದ್ದದ್ದು ಕಣ್ಣಿಗೆ ಬೀಳಲೇ ಇಲ್ಲ. ಕೊನೆಯ ಚೌಕ ಮೊದಲನೆಯದಕ್ಕಿಂತ ಎರಡು ಬೆರಳು ಅಗಲವಿತ್ತು. ಅವನ್ನೇ ಮೂರು ದಿನ ಎಳೆದೆಳೆದು ಕೂಡಿಸಿ ಹೊಲಿದೆ. ನೆಲಕ್ಕೆ ಹಾಸಿದರೆ ಕೌದಿ ನಡುವೆ ಹಪ್ಪಳದ ಹಾಗೆ ಉಬ್ಬಿ ನಿಂತಿತು.

ದೊಡ್ಡಮ್ಮ ಉಬ್ಬನ್ನು ಕಾಲಿನಿಂದ ಒತ್ತಿದಳು. ಅದು ಇನ್ನೊಂದು ಕಡೆ ಎದ್ದಿತು.

"ಇದೇನೇ ಇದು, ಒಳಗೆ ಬೆಕ್ಕು ಮಲ್ಗೈತಾ?"

ನಡೆದದ್ದನ್ನು ಹೇಳಿದೆ.

"ನಾಕು ಮೂಲೆ ಸಮ ಕತ್ತರ್ಸಕ್ಕೆ ಬರಲ್ಲ, ಬಿ.ಎ. ಅಂತೆ ಬಿ.ಎ.! ಬಿಚ್ಚು ಎಲ್ಲಾನೂ."

ಬಿಚ್ಚಿದೆ. ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ, ದಾರ ಎಳೆದು, ಮತ್ತೆ ರಟ್ಟಿಟ್ಟು ಕತ್ತರಿಸಿ. ಗ್ರಾಮರ್ ಪುಸ್ತಕ ಪಕ್ಕದಲ್ಲಿ ತೆರೆದೇ ಇತ್ತು. ಅದರ ಮೇಲೆ ದಾರದ ಚೂರು ಬಿದ್ದವೇ ಹೊರತು ಪುಟ ತಿರುಗಲಿಲ್ಲ. ದೊಡ್ಡಮ್ಮ ಒಂದು ಹೊಲಿಗೆಗೂ ಕೈ ಹಾಕಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಇನ್ನೂ ಎರಡು ಸಾಲು ಕತ್ತರಿಸಿ ಹೊಲಿಯುವುದು ಉಳಿದಿತ್ತು. ನಾಳೆ ಬರುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ ಎಂದು ಕೂತಿದ್ದೆ. ದೊಡ್ಡಮ್ಮನೇ ಮೊಳೆಯಿಂದ ರಟ್ಟು ತೆಗೆದು ನನ್ನ ಮಡಿಲಿಗೆ ಹಾಕಿದಳು.

"ತಗೊಂಡೋಗು. ನಾಳೆ ಬರಿಯಕ್ಕೆ ಬೇಕಲ್ಲ."

"ನೀನು ಹೆಂಗೆ ಕತ್ತರಿಸ್ತೀಯ ದೊಡ್ಡಮ್ಮ?"

"ನಾಳೆ ಕತ್ತರಿ ಮುಟ್ಟಲ್ಲ. ಬಟ್ಟೆ ಮೇಲೆ ಬಟ್ಟೆ ಇಟ್ಟು ಕತ್ತರ್ಸಕ್ಕೆ ನಾನೇನು ನಿನ್ನಂಗೆ ಓದ್ದೋಳಾ?"

ಆ ಕೌದಿ ಅಂಗಡಿಗೆ ತಡವಾಗಿ ಹೋಯಿತು. ನಾನು ಪಾಸಾದೆ, ಅಂಕ ಎಷ್ಟು ಎಂದು ಕೇಳಬೇಡಿ.

ಎಷ್ಟೋ ತಿಂಗಳ ಮೇಲೆ, ವಿಶ್ವವಿದ್ಯಾಲಯದ ಒಂದು ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು, ಸಹಿ ಹಾಕಿ ಪದವಿ ಪತ್ರ ತೆಗೆದುಕೊಂಡೆ. ಕುಣಿಯಬೇಕು ಅಂದುಕೊಂಡಿದ್ದೆ. ಬಂದದ್ದು ಆಕಳಿಕೆ. ಮಡಚಿಹೋದೀತೆಂದು ಮೆಟ್ರೋದಲ್ಲಿ ಅದನ್ನು ಎದೆಗವಚಿಕೊಂಡು ನಿಂತೇ ಬಂದೆ. ಸೀದಾ ದೊಡ್ಡಮ್ಮನ ಮನೆಗೆ ಹೋಗಿ ಅವಳ ಕೈಗೆ ಕೊಟ್ಟೆ.

ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಅಕ್ಷರದ ಕಡೆ ನೋಡಲಿಲ್ಲ. ಅಂಚಿನ ಮೇಲೆ ಬೆರಳಾಡಿಸಿದಳು, ಒಂದೊಂದೇ ಮೂಲೆ ಮುಟ್ಟುತ್ತ.

"ನಾಕು ಮೂಲೇನೂ ಸಮ ಐತೆ," ಅಂದಳು. "ಇದು ನೀನು ಕತ್ತರ್ಸಿದ್ದಲ್ಲ ಬುಡು."